ಒಬ್ಬಳೇ ಹೆಂಡತಿ, ಎರಡು ನಳಿಕೆ

ವಿಜ್ಞಾನದ ಮೇಲೆ ನನಗಿರುವ ಭರವಸೆ ಸಣ್ಣದಲ್ಲ. ತಾವರಗೇರಾದ ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಅದನ್ನೇ ಕಲಿಸುತ್ತಿದ್ದೇನೆ. ಹಾಗಾಗಿ ಹುಬ್ಬಳ್ಳಿಯ ಡಾಕ್ಟರಮ್ಮ ನಮ್ಮ ಮೊಮ್ಮಗಳ ಸಲುವಾಗಿ ಒಂದು ಫಾರ್ಮು ಕೊಟ್ಟಾಗ, "ಇದನ್ನ ಯಾರೂ ಮುಟ್ಟಬ್ಯಾಡ್ರಿ, ನಾನ ತುಂಬ್ತೀನಿ" ಎಂದು ಮನೆಮಂದಿಗೆಲ್ಲ ಘೋಷಿಸಿದೆ. ಅನಾಹುತ ಶುರುವಾದದ್ದು ಅಲ್ಲಿಂದಲೇ!

ಮೊಮ್ಮಗಳು ಪಾರೂಗೆ ಎರಡು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವಳ ತಾಯಿ, ಅಂದರೆ ನನ್ನ ಮಗಳು ಗೀತಾ, ಎರಡನೇ ಕೂಸಿನ ಮಾತೆತ್ತಿದರೆ ಸಾಕು, ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು. "ಇದು ಮನಿತನದಿಂದ ಬಂದದ್ದೋ, ಸುಮ್ಮನ ಆದದ್ದೋ, ಅಷ್ಟು ಗೊತ್ತಾಗ್ಲಿ ಅಪ್ಪಾಜಿ. ಆಮ್ಯಾಲ ಮುಂದಿನ ಮಾತು" ಎನ್ನುತ್ತಿದ್ದಳು. ನನಗೂ ಒಳಗೆ ಅಳುಕಿತ್ತು. ಗೀತಾಳನ್ನು ನನ್ನ ಹೆಂಡತಿಯ ತಮ್ಮ ಬಸವರಾಜನಿಗೆ ಕೊಟ್ಟು ಮದುವೆ ಮಾಡಿಸಿದವನು ನಾನೇ. ಸೋದರಮಾವ, ಗುಣವಂತ, ಕುಕನೂರಿನಲ್ಲಿ ಸ್ವಂತ ಅಂಗಡಿ. ಇನ್ನೇನು ಬೇಕು?

ಪರೀಕ್ಷೆಯ ಹೆಸರು ಡಿ.ಎನ್.ಎ. ಮೈಕ್ರೊಅರೇ. ಒಂದು ಸಣ್ಣ ಗಾಜಿನ ತುಂಡು, ಅದರ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಚುಕ್ಕೆ. ನಮ್ಮ ಎಂಜಲಿನಲ್ಲಿರುವ ಡಿ.ಎನ್.ಎ. ತೆಗೆದು ಅದರ ಮೇಲೆ ಹರಿಸಿದರೆ, ತನಗೆ ಹೊಂದುವ ಚುಕ್ಕೆಗೆ ಅಂಟಿಕೊಂಡು ಹೊಳೆಯುತ್ತದಂತೆ. ಯಾವ ಚುಕ್ಕೆ ಹೊಳೆಯಿತು ಎಂದು ನೋಡಿ, ಯಾರಿಂದ ಯಾರಿಗೆ ಏನು ಬಂತು ಎಂದು ಹೇಳುತ್ತಾರೆ. ನಾವು ಕುಟುಂಬದ ನಕ್ಷೆ ಬರೆದು ಕಳಿಸಬೇಕು, ತಲೆಗೊಂದು ನಳಿಕೆ ಬರುತ್ತದೆ, ಅದರಲ್ಲಿ ಉಗುಳಿ ವಾಪಸ್ ಕಳಿಸಬೇಕು. ಹೆಸರು ಬರೆಯುವಂತಿಲ್ಲ, ಸಂಬಂಧ ಮಾತ್ರ ಬರೆಯಬೇಕು.

ಮೊದಲ ಪ್ರಶ್ನೆ: "ರಕ್ತಸಂಬಂಧದಲ್ಲಿ ಮದುವೆಯಾಗಿದೆಯೇ?" ನಾನು ಗಂಭೀರವಾಗಿ ಯೋಚಿಸಿದೆ. ಬಸವರಾಜನ ಬೆಡಗು, ಅಂದರೆ ಗೋತ್ರ, ಬೇರೆ, ನಮ್ಮ ಬೆಡಗು ಬೇರೆ. ಒಂದೇ ಬೆಡಗಿನವರಾದರೆ ಅಣ್ಣತಮ್ಮಂದಿರು, ಅಲ್ಲಿ ಹೆಣ್ಣು ಕೊಡುವಂತಿಲ್ಲ. ಬೇರೆ ಬೆಡಗಿನವರು ಬೀಗರು. ಬೀಗರೆಂದ ಮೇಲೆ ರಕ್ತಸಂಬಂಧ ಎಲ್ಲಿಂದ ಬಂತು? "ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ನಂತರ ನಕ್ಷೆ. ತಂದೆಯ ಕಡೆಗೊಂದು ಹಾಳೆ, ತಾಯಿಯ ಕಡೆಗೊಂದು ಹಾಳೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತಾಯಿಯ ಹಾಳೆಯಲ್ಲಿ ಪಾರೂನ ಅಜ್ಜ-ಅಜ್ಜಿಯನ್ನು ಬರೆದೆ. ಬಸವರಾಜನ ತಂದೆತಾಯಿ ಈಗಿಲ್ಲ, ಹಾಗಾಗಿ ತಂದೆಯ ಹಾಳೆಯಲ್ಲಿ ಅವನ ಅಕ್ಕನನ್ನೂ ಅಕ್ಕನ ಗಂಡನನ್ನೂ ಬರೆದೆ. ನನ್ನ ಹೆಂಡತಿ ಶರಣಮ್ಮ ಇಣುಕಿ ನೋಡಿದಳು.

"ಈ ಅಜ್ಜಿ ನಾನ. ಆ ಅಕ್ಕನೂ ನಾನ. ನನ್ನ ಯಾಕ ಎರಡು ಸಲ ಬರದೀರಿ?"

"ಪಾರೂಗ ನೀ ತಾಯಿ ಕಡಿಂದ ಅಜ್ಜಿ, ತಂದಿ ಕಡಿಂದ ಅತ್ತಿ. ಒಂದು ಬಿಟ್ರೂ ವಿಜ್ಞಾನಕ್ಕ ಮೋಸ ಆಗ್ತೈತಿ."

"ಹಂಗಾರ ನೀವು?"

"ನಾನೂ ಇಬ್ರು. ಅಜ್ಜ ಮತ್ತ ಮಾಮಾ."

"ಒಬ್ಬರನ್ನ ಸಂಭಾಳಿಸೋದ ಸಾಕಾಗೈತಿ!" ಎಂದು ಆಕೆ ಅಡುಗೆಮನೆಗೆ ಹೋದಳು.

ಏಳು ನಳಿಕೆ ಬಂದವು. ಉಗುಳಬೇಕಾದವರು ಐದೇ ಜನ! ಬುದ್ಧಿ ಇದ್ದವನಾದರೆ ಅಲ್ಲೇ ನಿಂತು ಒಂದು ಫೋನ್ ಮಾಡುತ್ತಿದ್ದ. ನಾನು ಶಿಕ್ಷಕ, ಬಂದ ಹಾಳೆಯನ್ನು ಪೂರ್ತಿ ತುಂಬಿಯೇ ಕೊಡಬೇಕೆನ್ನುವ ಜಾತಿ. ಉಗುಳುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಬೆಳಗಿನ ಚಹಾ ಇಲ್ಲದೆ ಶರಣಮ್ಮ ಹೇಗೋ "ಅಜ್ಜಿ"ಯ ನಳಿಕೆ ತುಂಬಿಸಿದಳು. "ಅತ್ತೆ"ಯ ನಳಿಕೆಗೆ ಬರುವ ಹೊತ್ತಿಗೆ ಬಾಯಿ ಒಣಗಿತ್ತು. ನಾನು ಹುಣಸೆಹಣ್ಣು ತಂದು ಮೂಗಿನ ಮುಂದೆ ಹಿಡಿದೆ.

"ಉಗುಳು."

"ಎಲ್ಲಿ ಉಗುಳ್ಲಿ? ನಳಿಕ್ಯಾಗೋ, ನಿಮ್ಮ ಮ್ಯಾಲೋ?"

ತಿಂಗಳು ಕಳೆದ ಮೇಲೆ ಡಾಕ್ಟರಮ್ಮನ ಫೋನ್ ಬಂತು. "ಸರ್, ನಿಮ್ಮದು ಬಹಳ ಅಪರೂಪದ ಕುಟುಂಬ. ನಾವೇ ನೋಡೋಕೆ ಬರ್ತೀವಿ, ಎಲ್ಲರೂ ಮನೆಯಲ್ಲಿರಿ." ನಾನು ಈ ಸುದ್ದಿಯನ್ನು ಸ್ಟಾಫ್ ರೂಮಿನಲ್ಲಿ ಮೂರು ಸಲ ಹೇಳಿದೆ.

ಅವರ ಜೀಪು ಬರುವುದಕ್ಕಿಂತ ಮೊದಲು ಓಣಿಯ ತುದಿಯ ಹಿಟ್ಟಿನ ಗಿರಣಿಯ ಈರಣ್ಣ ಮೈತುಂಬ ಹಿಟ್ಟು ಮೆತ್ತಿಕೊಂಡು ಓಡಿ ಬಂದ. "ಮಾಸ್ತರ್ರ, ಗಿರಣಿ ಮುಂದ ಜೀಪ್ ನಿಲ್ಲಿಸಿ ನಿಮ್ಮ ಮನಿ ಕೇಳಾಕತ್ಯಾರ! ನಮ್ಮ ಶರಣಕ್ಕಗ ಅವಳಿ ತಂಗಿ ಅದಾಳಂತ! ಇಷ್ಟು ವರ್ಷ ಆಕಿನ್ನ ಎಲ್ಲಿ ಮುಚ್ಚಿಟ್ಟಿದ್ರಿ?"

ಡಾಕ್ಟರಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದರು. "ಮಗುವಿನ ಅಜ್ಜಿಗೂ ಅತ್ತೆಗೂ ಚುಕ್ಕೆ ಚುಕ್ಕೆಯೂ ಒಂದೇ ಸರ್! ನಳಿಕೆ ಅದಲುಬದಲಾಗಿರಬಹುದು ಅಂತ ಇನ್ನೊಂದು ಸಲ ಮಾಡಿದ್ವಿ. ಮತ್ತೆ ಒಂದೇ! ಗಂಡಂದಿರದ್ದೂ ಹಾಗೇ. ಅವಳಿ ಅಕ್ಕತಂಗಿಯರು ಅವಳಿ ಅಣ್ಣತಮ್ಮಂದಿರನ್ನು ಮದುವೆಯಾಗಿದ್ದಾರೆ! ಎಲ್ಲಿ ಇನ್ನಿಬ್ಬರು?"

ನನ್ನ ತಲೆ ಗಿರ್ರೆಂದಿತು. ನನಗೂ ಒಬ್ಬ ಅವಳಿ ಇದ್ದಾನೇನೋ, ಅಪ್ಪ ಹೇಳದೇ ಹೋದರೇನೋ ಎಂದು ಒಂದು ಕ್ಷಣ ನಿಜಕ್ಕೂ ಸಂಶಯ ಬಂತು. ಅಷ್ಟರಲ್ಲಿ ಶರಣಮ್ಮ ಚಹಾ ತಂದಳು.

"ಅಜ್ಜಿನೂ ನಾನ್ರಿ ಮೇಡಂ, ಅತ್ತಿನೂ ನಾನ. ಹುಣಸಿಹಣ್ಣು ತೋರಿಸಿ ಎರಡು ಸಲ ಉಗುಳಿಸ್ಯಾರ!"

ಡಾಕ್ಟರಮ್ಮ ಎರಡೂ ಹಾಳೆಗಳನ್ನು ಜೋಡಿಸಿ ಬಹಳ ಹೊತ್ತು ನೋಡಿದರು.

"ಮಗಳನ್ನು ಇವರ ತಮ್ಮನಿಗೇ ಕೊಟ್ಟಿದ್ದೀರಾ? ರಕ್ತಸಂಬಂಧ ಇಲ್ಲ ಅಂತ ಬರೆದಿದ್ದೀರಲ್ಲ!"

"ಬೆಡಗು ಬ್ಯಾರೆ ಐತ್ರಿ ಮೇಡಂ."

"ಗಾಜಿಗೆ ಬೆಡಗು ಗೊತ್ತಾಗಲ್ಲ ಸರ್."

ನಕ್ಷೆ ಸರಿಯಾದ ಮೇಲೆ ವರದಿಯೂ ಸರಿಯಾಯಿತು. ಕಿವಿಯ ದೋಷ ಶರಣಮ್ಮನ ತವರಿನದು. ಅಕ್ಕ, ತಮ್ಮ ಇಬ್ಬರಲ್ಲೂ ಅದು ಅಡಗಿ ಕುಳಿತಿತ್ತು. ಅಕ್ಕನಿಂದ ಗೀತಾಳಿಗೆ ಬಂತು. ಒಂದೇ ಪಾಲು ಇದ್ದವರಿಗೆ ಏನೂ ಆಗುವುದಿಲ್ಲ. ಪಾರೂಗೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಪಾಲು ಬಂದಿದ್ದವು. ಮುಂದಿನ ಕೂಸಿಗೂ ನಾಲ್ಕರಲ್ಲಿ ಒಂದು ಸಂಭವ ಇದೆಯಂತೆ, ಮೊದಲೇ ಪರೀಕ್ಷೆ ಮಾಡಿಸಿ ತಿಳಿಯಬಹುದಂತೆ. ಪಾರೂಗೆ ಈಗಲೇ ಕಿವಿಯ ಯಂತ್ರ ಹಾಕಿಸಿದರೆ ಮಾತು ಕಲಿಯುತ್ತಾಳೆ ಎಂದರು. ಗೀತಾ ಸೆರಗಿನಿಂದ ಕಣ್ಣೊರೆಸಿಕೊಂಡು ಯಂತ್ರದ ಬಗ್ಗೆ ಒಂದಾದ ಮೇಲೊಂದು ಪ್ರಶ್ನೆ ಕೇಳತೊಡಗಿದಳು. ಹಾಗೆ ಕೇಳುವುದನ್ನು ನೋಡಿ ನನಗೂ ಜೀವ ಬಂದಂತಾಯಿತು.

ಜೀವ ಬಂದದ್ದೇ ತಪ್ಪಾಯಿತು. ಜೀಪು ಹೋದ ಮೇಲೆ ನಾನು ನಾಲಿಗೆ ಬಿಗಿಹಿಡಿಯಲಿಲ್ಲ.

"ನೋಡಿದ್ಯಾ, ನಮ್ಮ ಕಡಿದೇನೂ ಇಲ್ಲ!"

"ಹೌದ್ರಿ, ನಮ್ಮ ತವರಿಂದ" ಎಂದಳು ಶರಣಮ್ಮ, ಕಪ್ಪುಗಳನ್ನು ಎತ್ತುತ್ತ. "ಸಂಬಂಧ ಗಟ್ಟಿ ಆಗ್ಲಿ ಅಂತ ಹಟ ಹಿಡಿದು ಮದುವಿ ಮಾಡಿಸಿದವ್ರು ಯಾರು?"

ನಾನು ಕುರ್ಚಿಗಳನ್ನು ಎತ್ತಿಡತೊಡಗಿದೆ.

"ಈ ಡಾಕ್ಟರಮ್ಮ ಹೇಳಿದ್ದು ನಿಮ್ಮ ಪುಸ್ತಕದಾಗ ಇರೂದಿಲ್ಲೇನು?"

"ಐತಿ. ಹತ್ತನೇ ಕ್ಲಾಸಿನ ಪುಸ್ತಕದಾಗ."

"ವರ್ಷ ವರ್ಷ ಕಲಿಸ್ತೀರಿ?"

"ಕಲಿಸ್ತೀನಿ."

"ಮತ್ತ?"

"ಅದು ಪರೀಕ್ಷಾಕ್ಕ ಅಂತ ಕಲಿಸೋದು" ಅಂದೆ.