ಪರಲೋಕ ಒಲ್ಲೆನೆಂದ ಇಳಕಲ್ಲಿನ ಅವ್ವ

ಕರುಣೆಗೆ ಕೊನೆಯಿಲ್ಲದ ತಂದೆಯೇ, ನಿನಗೆ ಸ್ತೋತ್ರ. ಇದನ್ನು ಬರೆಯುವಾಗ ನನಗೆ ನಗು ಬಂದರೆ ಕ್ಷಮಿಸು. ನೀನೂ ನಕ್ಕಿರುತ್ತೀ ಎಂಬ ನಂಬಿಕೆಯಿಂದಲೇ ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆ ಕಡೆಯ ಸಣ್ಣ ಸಣ್ಣ ಕ್ರೈಸ್ತ ಸಭೆಗಳ ಪಾಲಕ. ಊರಿಂದೂರಿಗೆ ಬಸ್ಸಿನಲ್ಲಿ ತಿರುಗಿ ದೇವರ ಪ್ರೀತಿ ಸಾರುವುದು ನನ್ನ ಕೆಲಸ. ಪ್ರೀತಿಯ ಮಾತು ಆಡುವವರೆಗೆ ಎಲ್ಲ ಸುಸೂತ್ರ. ನರಕದ ಹೆಸರೆತ್ತಿದೆನೋ, ಏನಾದರೊಂದು ಆಗಿಯೇ ತೀರುತ್ತದೆ. ಈ ವರ್ಷ ಈಸ್ಟರಿಗೆ ಮುಂಚೆ ಅಂತೂ ಊರೂರಿಗೂ ಆಯಿತು.

ಸೆಕೆಯ ಹೆದರಿಕೆ

ಇಳಕಲ್ಲಿನ ನಮ್ಮ ಸಭೆಯಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು. ಸೀರೆ ನೇಯ್ದು ಬದುಕಿದಾಕೆ, ಎಲ್ಲರಿಗೂ ಅವ್ವ. ಹೋದ ವರ್ಷ ಗಂಡ ತೀರಿಕೊಂಡ. ಆತ ನಮ್ಮ ದೇವಾಲಯದ ಮೆಟ್ಟಿಲು ಹತ್ತಿದವನಲ್ಲ, ದೀಕ್ಷಾಸ್ನಾನ ಪಡೆದವನೂ ಅಲ್ಲ. ಒಂದು ಭಾನುವಾರ ಆರಾಧನೆ ಮುಗಿಯುತ್ತಲೇ ಅವ್ವ ನನಗೆ ಅಡ್ಡ ನಿಂತಳು.

“ಅಯ್ಯನವರ, ನಮ್ಮ ಯಜಮಾನ್ರು ಈಗ ಎಲ್ಲಿದಾರ?”

ನಾನು ಬಾಗಿಲ ಕಡೆ ಸರಿದೆ. ಅವ್ವ ಬಿಡಲಿಲ್ಲ.

“ದೇವ್ರು ಅಂದ್ರ ಪ್ರೀತಿ ಅಂತೀರಿ. ಪ್ರೀತಿ ಇದ್ದಾಂವ ನನ್ನ ಗಂಡನ್ನ ಬೆಂಕ್ಯಾಗ ಹಾಕ್ತಾನೇನ್ರಿ? ಹಾಕಿದ್ದರ ನನಗ ಪರಲೋಕ ಬ್ಯಾಡ, ನಾನೂ ಅವರ ಕಡೇನ ಹೋಗಾಕಿ. ನೀವು ಹೇಳೂ ತನಕ ಕರ್ತನ ಭೋಜನದ ರೊಟ್ಟಿಗೆ ಕೈ ಒಡ್ಡಂಗಿಲ್ಲ.”

ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ: “ಅವ್ವಾ, ಅಲ್ಲಿ ಭಾಳ ಸೆಕಿ ಇರತೈತಿ.”

“ಬ್ಯಾಸಗಿಯಾಗ ತಗಡಿನ ಮನಿಯೊಳಗ ಮಗ್ಗದ ಮುಂದ ಕುಂತಾಕಿ ನಾ. ನನಗ ಸೆಕಿ ಹೆದರಿಕಿ ಹಾಕ್ತೀರೇನ್ರಿ?”

“ಈಸ್ಟರ್ ಹಬ್ಬಕ್ಕ ಉತ್ತರ ತರ್ತೇನಿ ಅವ್ವಾ.”

“ತರ್ರಿ. ತಣ್ಣಂದು ತರ್ರಿ.”

ನವನಗರದಲ್ಲಿ ನಿತ್ಯಶಿಕ್ಷೆ

ಬಾಗಲಕೋಟೆಯ ನವನಗರದಲ್ಲಿ ಒಬ್ಬ ನಿವೃತ್ತ ಪಾಲಕರಿದ್ದಾರೆ, ದೊಡ್ಡ ಪಂಡಿತರು. ಊಟ ಮುಗಿಸಿ ಹೋಗಿ ಅವರ ಮುಂದೆ ಅವ್ವನ ಪ್ರಶ್ನೆ ಇಟ್ಟೆ. ಅವರು ಕನ್ನಡಕ ಒರೆಸಿಕೊಂಡು ಬೈಬಲ್ಲಿನ ಆದಿಕಾಂಡದಿಂದ ಶುರು ಮಾಡಿದರು. ನ್ಯಾಯ ಅಂದರೇನು, ಕೃಪೆ ಅಂದರೇನು, ಮನುಷ್ಯನ ಇಚ್ಛೆ ಅಂದರೇನು. ಚಹಾ ಬಂತು, ಆರಿತು. ಇನ್ನೊಂದು ಬಂತು, ಅದೂ ಆರಿತು. ಪ್ರವಾದಿಗಳ ಹತ್ತಿರ ಬರುವಷ್ಟರಲ್ಲಿ ಬೀದಿ ದೀಪ ಹತ್ತಿದ್ದವು.

“ಈಗ ಕೊನೀನ ಇಲ್ಲದ ನಿತ್ಯಶಿಕ್ಷೆ ಅಂದ್ರ ಏನಂತ ಹೇಳ್ತೇನಿ, ಕೇಳ್ರಿ” ಎಂದರು.

ಅಡುಗೆಮನೆಯಿಂದ ಅವರ ಮನೆಯವರ ದನಿ ಬಂತು: “ಬಿಡ್ರಿ, ಅದು ಅವರಿಗೆ ಮಧ್ಯಾಹ್ನದಿಂದ ಗೊತ್ತಾಗೇತಿ.”

ಶ್ರೀಮಂತನ ನೀರು

ಮರುವಾರ ಕಮತಗಿಯಲ್ಲಿ ಮನೆ ಪ್ರಾರ್ಥನೆ. ಸುವಾರ್ತೆಯ ಐಶ್ವರ್ಯವಂತನ ಸಾಮ್ಯಕಥೆ ಓದಿದೆ. ಬದುಕಿರುವಾಗ ಬಾಗಿಲ ಬಡವನನ್ನು ಕಣ್ಣೆತ್ತಿ ನೋಡದ ಶ್ರೀಮಂತ, ಸತ್ತ ಮೇಲೆ ಬೆಂಕಿಯಲ್ಲಿ ನಿಂತು ನಾಲಿಗೆಗೆ ಒಂದು ಹನಿ ನೀರು ಬೇಡುತ್ತಾನೆ. ಸಿಗುವುದಿಲ್ಲ. ಪಕ್ಕದ ಮನೆಯ ಯಜಮಾನರು, ಹಣೆ ತುಂಬ ವಿಭೂತಿ ಧರಿಸಿದ ಶರಣರು, ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ತಳಮಳಿಸಿದರು.

“ಕೊಡಲೇ ಇಲ್ಲೇನ್ರಿ?”

“ಇಲ್ಲರಿ. ನಡುವ ದೊಡ್ಡ ಕಂದಕ ಐತ್ರಿ.”

“ಎಂಥಾ ಹಾಳಾದಾಂವರ ಇರಲಿ, ನೀರು ಕೇಳಿದ ಮ್ಯಾಲ ಇಲ್ಲ ಅನ್ನೂ ಪದ್ಧತಿ ನಮ್ಮ ಕಡೆ ಇಲ್ಲರಿ!”

ದಡದಡ ಮನೆಗೆ ಹೋದವರು ಒಂದು ತಂಬಿಗೆ ನೀರು, ಒಂದು ಹೆಂಟೆ ಬೆಲ್ಲ ತಂದು ನನ್ನ ಮುಂದಿಟ್ಟರು.

“ಅಂವಗಂತೂ ಮುಟ್ಟಸಾಕ ಬರಂಗಿಲ್ಲ. ನೀವರ ಕುಡೀರಿ, ನನ್ನ ಜೀವಕ್ಕ ಸಮಾಧಾನ ಆಗಲಿ.”

ಕುಡಿದೆ. ಶ್ರೀಮಂತನ ಪರವಾಗಿ, ತಂಬಿಗೆ ಖಾಲಿಯಾಗುವ ತನಕ.

ಹೊರಗೆ ಹಾಕಿದ ಮಗಳು

ಬಾದಾಮಿಯ ಭಾನುವಾರದ ಶಾಲೆಯಲ್ಲಿ ಮಕ್ಕಳನ್ನೇ ಕೇಳಿ ನೋಡಿದೆ: “ಪ್ರೀತಿ ಇದ್ದವರು ಶಿಕ್ಷೆ ಕೊಡ್ತಾರೇನು?”

ಎರಡು ಜಡೆಯ ಹುಡುಗಿ ಎದ್ದಳು. “ಕೊಡ್ತಾರ್ರಿ. ನಮ್ಮವ್ವ ಸಿಟ್ಟಿಗೆದ್ರ ನನ್ನ ಹೊರಗ ಹಾಕಿ ಕದಾ ಹಾಕ್ಕೊಂತಾಳ್ರಿ.”

ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಹಿಗ್ಗಿದೆ. “ಆಮ್ಯಾಲ?”

“ಹಸದೀತು ಅಂತ ಕಿಡಕ್ಯಾಗಿಂದ ರೊಟ್ಟಿ ಕೊಡ್ತಾಳ್ರಿ.”

“ಆಮ್ಯಾಲ?”

“ಮಂಗ್ಯಾ ಬಂದು ರೊಟ್ಟಿ ಕಸ್ಕೊಂಡೀತು ಅಂತ ಕೋಲು ಹಿಡ್ಕೊಂಡು ತಾನೂ ಹೊರಗ ಬಂದು ನನ್ನ ಬಾಜೂ ಕುಂದರತಾಳ್ರಿ.”

“ಮತ್ತ ಶಿಕ್ಷೆ?”

“ಇಬ್ಬರಿಗೂ ಆತಲ್ರಿ!”

ಈಸ್ಟರ್ ಪಂಕ್ತಿ

ಹಬ್ಬದ ದಿನ ಇಳಕಲ್ಲಿನಲ್ಲಿ ಕರ್ತನ ಭೋಜನದ ರೊಟ್ಟಿ ಮುರಿದು ಹಂಚುತ್ತ ಬಂದೆ. ಅವ್ವ ಮುಂದಿನ ಸಾಲಿನಲ್ಲೇ, ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು.

“ತಂದ್ರೇನ್ರಿ ಉತ್ತರ?”

ಇಡೀ ಸಭೆ ನನ್ನನ್ನೇ ನೋಡಿತು.

“ಯಜಮಾನ್ರು ಎಲ್ಲಿದಾರ ಅಂತ ಖರೇನ ನನಗ ಗೊತ್ತಿಲ್ಲ ಅವ್ವಾ. ನರಕ ಇಲ್ಲ ಅಂತನೂ ನಾ ಹೇಳಂಗಿಲ್ಲ. ಒಳಗ ಬರಾಕ ಒಲ್ಲೆ ಅಂದಾವಗ ಹೊರಗ ಕತ್ತಲಿ ಐತಿ. ಆದ್ರ ಅವರ ನ್ಯಾಯ ಮಾಡಾಂವ ಯಾರಂದ್ರ, ಅವರ ಸಲುವಾಗಿನ ಶಿಲುಬಿ ಮ್ಯಾಲ ಜೀವಾ ಕೊಟ್ಟಾಂವ. ಅಷ್ಟು ಗೊತ್ತೈತಿ.”

ಅವ್ವ ಸೆರಗಿನೊಳಗಿನ ಕೈ ತೆಗೆಯದೆ ಕೇಳಿದಳು: “ಅಂವ ಎಷ್ಟು ಸಲ ಕರೀತಾನ್ರಿ?”

“ಯಾಕವ್ವಾ?”

“ನಮ್ಮವರು ಒಂದ ಸಲ ಕರದ್ರ ಊಟಕ್ಕ ಎದ್ದವರಲ್ರಿ. ನನ್ನ ತಮ್ಮನ ಮದುವ್ಯಾಗ ಮಾನಾ ಕೊಡಲಿಲ್ಲಂತ ಸಿಟ್ಟಾಗಿ ಬೇವಿನ ಗಿಡದ ಕೆಳಗ ಕುಂತುಬಿಟ್ರು. ಬೀಗರೆಲ್ಲಾ ಕರದು ಕರದು ಸೋತ್ರು. ದೇವ್ರು ಒಂದ ಸಲ ಕರದು ಕದಾ ಹಾಕಿದ್ರ ನನ್ನ ಗಂಡ ಕೆಟ್ಟಂಗ!”

ಪುಣ್ಯಕ್ಕೆ ಉತ್ತರ ಸುವಾರ್ತೆಯಲ್ಲೇ ಇತ್ತು. “ತಪ್ಪಿಹೋದ ಮಗನ ಕಥ್ಯಾಗ, ಮನಿ ಬಿಟ್ಟು ಹೋದ ತಮ್ಮ ತಿರುಗಿ ಬಂದದ್ದಕ್ಕ ತಂದಿ ಹಬ್ಬದೂಟ ಮಾಡಿಸಿದ್ನಂತ ದೊಡ್ಡ ಮಗ ಸಿಟ್ಟಾಗಿ ಊಟಕ್ಕ ಒಳಗ ಬರಲಿಲ್ಲ ಅವ್ವಾ. ಆವಾಗ ತಂದೀನ ಎದ್ದು ಹೊರಗ ಬಂದು ಬೇಡಿಕೊಂಡ.”

“ಆಳಿನ್ನ ಕಳಸಲಿಲ್ಲ? ತಂದೀನ ಬಂದ?”

“ತಂದೀನ ಬಂದ.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎರಡೂ ಕೈ ಒಡ್ಡಿದಳು. ರೊಟ್ಟಿ ತೆಗೆದುಕೊಂಡವಳು, ಬಾಯಿಗಿಡುವ ಮುಂಚೆ ಚಾವಣಿಯ ಕಡೆ ಮುಖ ಎತ್ತಿ ಗಟ್ಟಿಯಾಗಿ ಪ್ರಾರ್ಥಿಸಿದಳು:

“ಸ್ವಾಮಿ, ಹಂಗಾರ ನಮ್ಮವರ ಕಡೆ ನೀನ ಹೋಗು. ‘ನನಗ ಹಸಿವಿಲ್ಲ’ ಅಂತಾರ, ನಂಬಬ್ಯಾಡ, ಅವರಿಗೆ ಯಾವತ್ತೂ ಹಸಿವು. ರಟ್ಟಿ ಹಿಡಿದು ಜಗ್ಗು. ಪಂಕ್ತ್ಯಾಗ ಕುಂತ ಮ್ಯಾಲ ಸಾರಿಗೆ ಉಪ್ಪು ಕಡಿಮಿ ಆಗೇತಿ ಅಂತ ತಕರಾರು ತಗೀತಾರ. ಅದಕ್ಕ ಸಿಟ್ಟಿಗೆದ್ದು ಮತ್ತ ಹೊರಗ ಹಾಕಬ್ಯಾಡ. ನಾ ಬರೂ ತನಕ ಹೆಂಗರ ತಡಕೊ, ಮುಂದ ನಾ ನೋಡ್ಕೋತೇನಿ!”

ಇಡೀ ಸಭೆ ಅಷ್ಟು ಜೋರಾಗಿ ಆಮೆನ್ ಅಂದದ್ದನ್ನು ಆ ದೇವಾಲಯದಲ್ಲಿ ನಾನು ಹಿಂದೆಂದೂ ಕೇಳಿಲ್ಲ.

ಇದನ್ನು ಓದಿದವರ, ಕೇಳಿದವರ ಎಲ್ಲರ ಮೇಲೂ ಆ ತಂದೆಯ ಕೈ ಇರಲಿ. ನೀವು ಯಾವ ಗಿಡದ ಕೆಳಗೆ ಮುನಿಸಿಕೊಂಡು ಕೂತಿದ್ದರೂ ಆತ ತಾನೇ ಬಂದು ಕರೆಯಲಿ, ನಿಮ್ಮ ಪಾಲಿನ ಊಟ ಆರದೆ ಇರಲಿ.