ಒಂದೇ ಕಡೆ ದಾರಿ ಬಿಡುವ ಡಯೋಡು

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಹತ್ತಿರ ಹತ್ತು ವರ್ಷ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೆ. ಬರುತ್ತಿದ್ದದ್ದು ಕೆಟ್ಟ ರೇಡಿಯೋಗಳೇ, ಆದರೆ ಪ್ರತಿಯೊಂದರ ಜೊತೆ ಒಂದು ಮನೆಯ ಸಮಾಚಾರವೂ ಬರುತ್ತಿತ್ತು.

೧. ಇನ್‌ಕಮಿಂಗ್

ತೆರಕಣಾಂಬಿಯ ವಿಜ್ಞಾನದ ಮೇಷ್ಟ್ರೊಬ್ಬರು ಮಕ್ಕಳಿಗೆ ಡಯೋಡ್ ತೋರಿಸಿ ಅಂತ ಕರೆದರು. ಎರಡು ಸೆಲ್ಲು, ಪುಟ್ಟ ಬಲ್ಬು, ನಡುವೆ ಡಯೋಡ್ ಜೋಡಿಸಿದೆ. ಬಲ್ಬು ಹತ್ತಿತು. ಡಯೋಡನ್ನು ತಿರುಗಿಸಿ ಹಾಕಿದರೆ ಹತ್ತಲಿಲ್ಲ. ಇದು ಕರೆಂಟನ್ನು ಒಂದೇ ಕಡೆಗೆ ಬಿಡುತ್ತೆ, ಇಂಥದ್ದು ಬೇರೆಲ್ಲಾದರೂ ನೋಡಿದ್ದೀರಾ ಎಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ನಮ್ ಮೇಷ್ಟ್ರ ಮೊಬೈಲು ಸಾರ್. ಇನ್‌ಕಮಿಂಗ್ ಮಾತ್ರ."

ಮೊದಲು ನಕ್ಕವರು ಮೇಷ್ಟ್ರೇ.

೨. ದೊಡ್ಡ ರಿಪೇರಿ

ಹಂಗಳದ ರೈತರೊಬ್ಬರು ರೇಡಿಯೋ ತಂದರು. ಹೊಸ ಸೆಲ್ಲು ಹಾಕಿದರೂ ಸದ್ದೇ ಇಲ್ಲವಂತೆ. ಬಿಚ್ಚಿ ನೋಡಿದರೆ ಸೆಲ್ಲುಗಳು ಉಲ್ಟಾ. ಒಳಗಿನ ಡಯೋಡ್ ಉಲ್ಟಾ ಕರೆಂಟನ್ನು ತಡೆದು ರೇಡಿಯೋ ಸುಡದಂತೆ ಕಾಪಾಡಿತ್ತು. ಸರಿಯಾಗಿ ಹಾಕಿದ ತಕ್ಷಣ ಹಾಡು ಬಂತು. ಅವರ ಮುಖ ಮಾತ್ರ ಸಣ್ಣಗಾಯಿತು.

"ನಮ್ಮವ್ಳು ಬೆಳಗ್ಗೇನೆ ತಿರುಗ್ಸಿ ಆಕು ಅಂದಿದ್ಲು ಕಣಪ್ಪ. ಒಂದಿನ ಇಲ್ಲೇ ಇಟ್ಕಬುಡು. ದೊಡ್ಡ ರಿಪೇರಿ ಇತ್ತು ಅಂತೀನಿ."

೩. ಉಳಿದ ಸದ್ದು

ನಮ್ಮ ಹಿಂದಿನ ಬೀದಿಯಲ್ಲಿ ವಯಸ್ಸಾದ ಟೈಲರ್ ಸಾಹೇಬರು ಮನೆಯಲ್ಲೇ ಹೊಲಿಯುತ್ತಿದ್ದರು, ಹೆಂಡತಿ ಪಕ್ಕದಲ್ಲಿ ಕೂತು ಗುಂಡಿ ಹಾಕುತ್ತಿದ್ದರು. ಅವರ ರೇಡಿಯೋ ಸದಾ ಗುಂಯ್ ಅನ್ನುತ್ತಿತ್ತು. ಅದರ ಅಡಾಪ್ಟರಿನಲ್ಲಿ ನಾಲ್ಕು ಡಯೋಡ್. ಆ ಕಡೆ ಈ ಕಡೆ ಓಡಾಡುವ ಮನೆಯ ಕರೆಂಟನ್ನು ಒಂದೇ ಕಡೆಗೆ ತಿರುಗಿಸುವುದು ಅವುಗಳ ಕೆಲಸ. ಒಂದು ಸತ್ತಿತ್ತು. ಬದಲಾಯಿಸಿ ಕೊಟ್ಟೆ. ಗುಂಯ್ ನಿಂತಿತು.

ಮೂರನೇ ದಿನ ಸಾಹೇಬರು ರೇಡಿಯೋ ಹಿಡಿದು ವಾಪಸ್ ಬಂದರು. ದೊಡ್ಡ ಸದ್ದು ಹೋಯಿತು, ಒಳಗೆ ಯಾರೋ ನರಳಿದ ಹಾಗೆ ಸಣ್ಣದೊಂದು ಉಳಿದಿದೆ, ಅದನ್ನೂ ತೆಗೆಸಿ ಅಂತ ಹೆಂಡತಿ ಕಳಿಸಿದ್ದರಂತೆ. ಹಾಕಿ ನೋಡಿದೆ, ಏನೂ ಇರಲಿಲ್ಲ. ಸಾಹೇಬರು ಸುತ್ತ ನೋಡಿ ದನಿ ತಗ್ಗಿಸಿದರು. "ಅದು ರೇಡಿಯೋ ಅಲ್ಲಪ್ಪ, ನಾನು. ಹಾಡಿನ ಜೊತೇಲಿ ಬಾಯಿ ತೆರೀದೆ ಹಾಡ್ತೀನಿ. ಗುಂಯ್ ಅನ್ನೋದ್ರಲ್ಲಿ ಇಷ್ಟು ದಿನ ಮುಚ್ಚಿಹೋಗಿತ್ತು. ಆ ಹಳೇ ಡಯೋಡನ್ನೇ ಹಾಕ್ಬಿಡು."

ಅಂಗಡಿ ಮೆಟ್ಟಿಲ ಮೇಲೆ ಅವರ ಹೆಂಡತಿ ನಿಂತಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಆಕೆ ಒಳಗೆ ಬಂದು, ಹಳೇದು ಹಾಕಬೇಡ ಬೇಟಾ ಎಂದು ರೇಡಿಯೋ ಎತ್ತಿಕೊಂಡರು. ಸಾಹೇಬರಿಗೆ ಎಲ್ಲಿಲ್ಲದ ಆಸೆ ಹುಟ್ಟಿತು. ಹಾಗಾದರೆ ಚೆನ್ನಾಗಿ ಹಾಡ್ತೀನಾ ಎಂದು ಕೇಳಿದರು.

"ಇಲ್ಲ," ಎಂದರು ಆಕೆ. "ಆದ್ರೂ ಸ್ವಲ್ಪ ಜೋರಾಗೇ ಹಾಡಿ."