ಮುಗಿಲಿನ ದುರ್ಬೀನು ಮತ್ತು ಕಾಕಾನ ಸಂಶಯ

ನಮ್ಮ ಕಾಕಾನಷ್ಟು ಸಂಶಯದ ಮನುಷ್ಯ ನವಲಗುಂದ ತಾಲೂಕಿನಲ್ಲಿ ಇನ್ನೊಬ್ಬರಿದ್ದರೆ, ಇಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂಡಿಸಬಾರದು. ಕೆಳಗೇನಿದೆ ಎಂದು ಇಬ್ಬರೂ ಅದನ್ನೇ ಎತ್ತಿ ನೋಡುತ್ತಾರೆ! ಇಂಥವರಿಗೆ ಕಣ್ಣಿನ ಪೊರೆ ಬಂತು. ತಡಮಾಡಿದರೆ ದೃಷ್ಟಿಯೇ ಹೋದೀತು, ಆಪರೇಷನ್ ಮಾಡಿಸಿ ಎಂದರು ಹುಬ್ಬಳ್ಳಿಯ ಡಾಕ್ಟರು. ಕಾಕಾ ಒಪ್ಪಬೇಕಲ್ಲ!

"ನನ್ನ ಕಣ್ಣ ತಗದು ಬ್ಯಾರೇದವರದು ಕೂಡಿಸಿದ್ರ ನನಗ ಹ್ಯಾಂಗ ಗೊತ್ತಾಗಬೇಕು?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಯಂತ್ರಗಳ ಮೇಲೆ ಸ್ವಲ್ಪ ನಂಬಿಕೆ ಬರಲಿ ಎಂದು ಒಂದು ಸಂಜೆ ಬಾಹ್ಯಾಕಾಶದ ದುರ್ಬೀನು ತೆಗೆದ ನಕ್ಷತ್ರಗಳ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಕಾಕಾ ಮೊಬೈಲನ್ನು ಮೂಗಿಗೆ ಹಿಡಿದು, ತಿರುವಿ ಅದರ ಬೆನ್ನು ನೋಡಿದರು.

"ಒಂದೂವರಿ ತಾಸಿಗೆ ಭೂಮೀನ ಒಂದು ಸುತ್ತು ಹಾಕತೈತ್ರಿ ಈ ದುರ್ಬೀನು."

"ಹಂಗಾರ ಬಾಜು ಹೊಲದಾಂವ ನಮ್ಮ ಬದು ಒತ್ತಿದ್ದು ಕಂಡಿರಬೇಕು. ಯಾಕ ಬಾಯಿ ಬಿಟ್ಟಿಲ್ಲ?"

"ಅದು ಕೆಳಗ ನೋಡಂಗಿಲ್ರಿ, ನಕ್ಷತ್ರ ನೋಡತೈತಿ."

"ತಪ್ಪಿಸಿಗೊಳ್ಳಾಕ ಛಲೋ ದಾರಿ!"

ಅದರಲ್ಲೊಂದು ಯಂತ್ರವಿದೆ, ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಲ್ಲಿ ಯಾವ ಅನಿಲವಿದೆ ಎಂದು ತಿಳಿಸುತ್ತದೆ ಎಂದೆ. ಹತ್ತಿ ವ್ಯಾಪಾರದಲ್ಲಿ ಎಳೆಯನ್ನು ಬೆರಳಲ್ಲಿ ಎಳೆದು ನೋಡದೆ ದರದ ಮಾತೇ ಆಡದ ಕಾಕಾ ಕೆಂಡವಾದರು.

"ಮುಟ್ಟಿಲ್ಲ, ಎಳದಿಲ್ಲ, ಹ್ಯಾಂಗ ಹೇಳತಾರ? ಅಲ್ಲಿಗೆ ಹೋಗಿ ಬಂದಾಂವ ಯಾರು?"

ನನಗೂ ರೇಗಿತು. ಸೋತವಳಂತೆ ದುರ್ಬೀನಿನ ಮಾನವನ್ನೇ ಕಳೆದೆ: ಅದರ ದೊಡ್ಡ ಕನ್ನಡಿಯನ್ನು ನಯಮಾಡುವಾಗ ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆಯಷ್ಟು ತಪ್ಪಾಗಿ ಉಜ್ಜಿದ್ದರು, ಅದರಿಂದ ಮೊದಮೊದಲು ಚಿತ್ರಗಳೆಲ್ಲ ಮಸುಕಾಗಿ ಬಂದವು.

"ನೋಡು ಮತ್ತ!" ಎಂದು ಕಾಕಾ ತೊಡೆ ತಟ್ಟಿದರು.

"ಆಮ್ಯಾಲೆ ಮಂದಿ ಅಲ್ಲೀತನಕ ಹೋಗಿ, ಕಣ್ಣಿಗೆ ಚಾಳೀಸು ಹಾಕಿದಂಗ ಸಣ್ಣ ಕನ್ನಡಿ ಕೂಡಿಸಿ ಸರಿ ಮಾಡಿದ್ರು, ಕಾಕಾ."

ಕಾಕಾ ಮೊಬೈಲನ್ನು ಮೆಲ್ಲಗೆ ನನ್ನ ಕೈಗಿಟ್ಟರು. ಅವರು ವಾದ ಬಿಟ್ಟರೆ ಸಂಶಯಪಡುವ ಸರದಿ ನನ್ನದು!

"ಮಸಕಾತಂತ ಬಿಚ್ಚಿ ಒಗೀಲಿಲ್ಲ?"

"ಇಲ್ರಿ. ಈಗೂ ನೋಡಾಕತ್ತೈತಿ."

"ಅಷ್ಟು ದೂರ ಹೋಗಿ ಮಾಡ್ಯಾರಂದ್ರ, ಹುಬ್ಬಳ್ಳಿ ಬಸ್ ಹತ್ತಾಕ ನನಗೇನ ಧಾಡಿ? ನಾಳೆ ಹೋಗೂಣು."

ಗೆದ್ದೆನೆಂದು ಜೋರಾಗಿ ನಕ್ಕೆ. ಕಾಕಾ ಕೈ ಚಾಚಿ ನನ್ನ ಹಣೆ, ಮೂಗು, ಕೆನ್ನೆ ತಡವಿದರು.

"ದನಿ ಕೇಳಿ ಮಾತಾಡಸತೀನಿ, ತಂಗಿ. ನಿನ್ನ ಮಾರಿ ಕಾಣದ ಒಂದು ವರ್ಷಾತು. ಯಾರಿಗೂ ಹೇಳಿಲ್ಲ."

ನನ್ನ ನಗೆ ಅಲ್ಲೇ ನಿಂತಿತು. ಒಂದು ವರ್ಷದಿಂದ ದಿನಾ ಅವರೆದುರು ಕೂತಿದ್ದೇನೆ, ನನಗೇ ತಿಳಿಯಲಿಲ್ಲ.

"ಯಾಕ, ಅಳಾಕತ್ತಿ ಏನ?"

"ಇಲ್ರಿ ಕಾಕಾ, ನಗಾಕತ್ತೀನಿ."

ನನ್ನ ಕೆನ್ನೆಯ ಮೇಲಿದ್ದ ಬೆರಳು ಒದ್ದೆಯಾಗಿದ್ದರೂ ಕಾಕಾ ಆ ಮಾತನ್ನು ನಂಬಿದರು.